ಕಿವಿ ಹಿಂದಿನ ಕರಿ ಚುಕ್ಕೆ

ಹೋದ ವರ್ಷ ನನ್ನ ಅಂಗಾಲಿನಲ್ಲಿದ್ದ ಕರಿ ಮಚ್ಚೆಯನ್ನು ಕ್ಯಾನ್ಸರ್ ಅಂತ ಕತ್ತರಿಸಿ ತೆಗೆದರು. ಬೇಗ ಗೊತ್ತಾಯಿತು, ಪುಣ್ಯ. ಆದರೆ ಮೈಮೇಲೆ ಎಲ್ಲೇ ಹೊಸ ಚುಕ್ಕೆ ಕಂಡರೂ ಬಂದು ತೋರಿಸಿ ಅಂದಿದ್ದಾರೆ. ಅವತ್ತಿನಿಂದ ಕನ್ನಡಿ ನೋಡಿ ನೋಡಿ ಸಾಕಾಗಿದೆ.

ಮೊನ್ನೆ ತಪಾಸಣೆಗೆ ಲಿಂಗಸುಗೂರಿನಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಮಸ್ಕಿಯಲ್ಲಿ ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕೂತ ಮುದುಕರೊಬ್ಬರು ಭುಜ ತಟ್ಟಿದರು.

"ತಮ್ಮಾ, ಕಿವಿ ಹಿಂದ ಏನೋ ಕರ್ರಗ ಆಗೈತಲ್ಲ."

ತಿರುಗದೆಯೇ ಕೇಳಿದೆ, "ಎಷ್ಟು ದೊಡ್ಡದೈತ್ರಿ?"

"ಕಡ್ಲಿ ಕಾಳಿನಷ್ಟು."

ಮುಟ್ಟಿ ನೋಡುವ ಧೈರ್ಯವಾಗಲಿಲ್ಲ. ಸಿಂಧನೂರು ಬರುವವರೆಗೂ ಕುತ್ತಿಗೆ ಅಲ್ಲಾಡಿಸದೆ ಕೂತಿದ್ದೆ.

ಡಾಕ್ಟರು ಬಗ್ಗಿ ನೋಡಿದರು. ಹತ್ತಿಯಿಂದ ಒರೆಸಿದರು. ಚುಕ್ಕೆ ಹತ್ತಿಗೇ ಬಂತು. ಕಾಡಿಗೆ! ನಸುಕಿನಲ್ಲಿ ನಾನು ಮಲಗಿದ್ದಾಗ ಅವ್ವ ಹಚ್ಚಿದ ದೃಷ್ಟಿಬೊಟ್ಟು.

ಮನೆಗೆ ಬಂದು ಅವಳ ಮೇಲೆ ರೇಗಿದೆ.

"ರೋಗ ತಿರುಗಿ ಬರಬಾರದಂತ ಹಚ್ಚೀನಿ. ಬಂತೇನು? ಇಲ್ಲಲ್ಲ," ಅಂದಳು ಅವ್ವ. "ಕಿವಿ ಬ್ಯಾಡಂದ್ರ ಅಂಗಾಲಿಗೆ ಹಚ್ತೀನಿ ಬಿಡು. ಅಲ್ಲಿ ಯಾರು ನೋಡ್ತಾರ?"

ಡಾಕ್ಟರು ಮೊದಲು ನೋಡುವುದೇ ಅಂಗಾಲು. ಅವತ್ತು ರಾತ್ರಿ ಕಾಲುಚೀಲ ಹಾಕಿಕೊಂಡು ಮಲಗಿದೆ.