ಮಂಕಿ ಕ್ಯಾಪ್ ಹಾಕಿದ ಗೋಧಿ

೨೦೧೪ರಲ್ಲಿ ನಾನು ಡಲ್ಲಾಸ್‌ನ ಉತ್ತರಕ್ಕಿರುವ ಒಂದು ಸಣ್ಣ ಬೀಜ ಸಂಶೋಧನಾ ಕೇಂದ್ರದಲ್ಲಿದ್ದೆ. ಚಳಿಗಾಲದ ಗೋಧಿ ಎಷ್ಟು ಚಳಿ ತಡೆಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಮೊದಲು ಸಸಿಗಳನ್ನು ಕೆಲವು ವಾರ ಕೋಲ್ಡ್ ರೂಮಿನಲ್ಲಿಟ್ಟು ಚಳಿಗೆ ಒಗ್ಗಿಸುತ್ತೇವೆ. ಆಮೇಲೆ ಫ್ರೀಜರಿನಲ್ಲಿ ನಿಧಾನವಾಗಿ ಉಷ್ಣತೆ ಇಳಿಸುತ್ತ, ಹಂತಕ್ಕೊಂದು ಟ್ರೇ ಹೊರತೆಗೆದು, ಎಲೆ ಕತ್ತರಿಸಿ, ಬುಡದಿಂದ ಚಿಗುರು ಬರುತ್ತದೋ ಇಲ್ಲವೋ ಎಂದು ಕಾಯುತ್ತೇವೆ. ಅರ್ಧದಷ್ಟು ಸಸಿಗಳು ಸಾಯುವ ಉಷ್ಣತೆಗೆ ಎಲ್‌ಟಿ-ಫಿಫ್ಟಿ ಎಂದು ಹೆಸರು. ಅದು ಕೆಳಗಿದ್ದಷ್ಟೂ ತಳಿ ಗಟ್ಟಿ.

ಆ ವರ್ಷ ಎರಡು ತಳಿಗಳು ಕಣದಲ್ಲಿದ್ದವು. ಮುಂದುವರಿಸಲು ಜಾಗವಿದ್ದದ್ದು ಒಂದಕ್ಕೇ. ಉತ್ತರದ ರಾಜ್ಯದಿಂದ ತಂದ ತಳಿ ಮೈನಸ್ ಹದಿನೆಂಟರವರೆಗೂ ಜಗ್ಗಲಿಲ್ಲ. ನಮ್ಮ ತಳಿ ತಜ್ಞ ರಾಯ್ ವರ್ಷಗಟ್ಟಲೆ ಮಗುವಿನಂತೆ ಬೆಳೆಸಿದ ತಳಿ ಮೈನಸ್ ಹದಿನೈದಕ್ಕೇ ಕೈಚೆಲ್ಲಿತು. ನಿವೃತ್ತಿಗೆ ಮುಂಚಿನ ಅವರ ಕೊನೆಯ ತಳಿ ಅದು. ಅವರು ಹ್ಯಾಟ್ ಸರಿಮಾಡಿಕೊಂಡು ಹೊರಟರು. ನನಗೆ ಸಂಕಟವಾಯಿತು, ಆದರೆ ಅಂಕಿಯ ಜೊತೆ ಜಗಳವಾಡುವುದು ಹೇಗೆ?

ಆ ವಾರಾಂತ್ಯ ಪಕ್ಕದ ಫ್ರಿಸ್ಕೋ ಊರಿನ ಪಾರ್ಕಿನಲ್ಲಿ ಕನ್ನಡದವರ ಸಂಕ್ರಾಂತಿ. ಹಿಂದಿನ ವಾರ ಕೊರೆಯುವ ಚಳಿಯಿದ್ದರೆ ಅಂದು ಇಪ್ಪತ್ತೈದು ಡಿಗ್ರಿ ಬಿಸಿಲು. ಬೆಂಗಳೂರಿನವರೆಲ್ಲ ಟಿ-ಶರ್ಟಿನಲ್ಲಿ ಎಳ್ಳುಬೆಲ್ಲ ಹಂಚುತ್ತಿದ್ದರು. ಧಾರವಾಡದಿಂದ ಬಂದಿದ್ದ ನಮ್ಮ ಮಾವ ಮಾತ್ರ ಮಂಕಿ ಕ್ಯಾಪ್ ಹಾಕಿಕೊಂಡು ಗಂಭೀರವಾಗಿ ನಮ್ಮ ಕಡೆಯ ಗೋಧಿ-ಬೆಲ್ಲದ ಸಿಹಿ ಮಾದಲಿ ತಿನ್ನುತ್ತಿದ್ದರು.

"ಮಾವಾ, ಎಲ್ಲಾರೂ ನಗ್ಲಿಕ್ಕತ್ತಾರ್ರಿ. ಅದನ್ನ ತಗೀರಿ," ಎಂದೆ.

"ನಗ್ಲಿ ಬಿಡವಾ. ಈ ಊರ ಬಿಸಲ ನಾ ನಂಬೂದಿಲ್ಲ."

ಎರಡೇ ದಿನದಲ್ಲಿ ಉತ್ತರದ ಗಾಳಿ ಬೀಸಿ ಊರು ಮತ್ತೆ ಮರಗಟ್ಟಿತು. ಟಿ-ಶರ್ಟಿನವರೆಲ್ಲ ಕೆಮ್ಮುತ್ತ ಮಲಗಿದರು. ಮಾವ ಶುಂಠಿ ಚಹಾ ಹೀರುತ್ತ ಒಬ್ಬೊಬ್ಬರಿಗೂ ಫೋನ್ ಮಾಡಿ ಆರೋಗ್ಯ ವಿಚಾರಿಸಿದರು. ಆ ವಿಚಾರಣೆಯಲ್ಲಿ ಅವರಿಗೆ ಅಪಾರ ಸಂತೋಷವಿತ್ತು.

ನಗುತ್ತಿದ್ದ ನನಗೆ ನಮ್ಮ ಪರೀಕ್ಷೆ ನೆನಪಾಯಿತು. ನಾವು ಬಳಸುತ್ತಿದ್ದದ್ದು, ಚಳಿ ಒಮ್ಮೆ ಬಂದರೆ ಕದಲದೆ ಕೂರುವ ಸೀಮೆಯ ವಿಧಾನ. ಟೆಕ್ಸಾಸ್‌ನ ಚಳಿಗಾಲ ಹಾಗಲ್ಲ. ನಡುವೆ ಒಂದು ವಾರ ಬಿಸಿಲು ಬಿದ್ದರೆ ಸಸಿ ವಸಂತವೇ ಬಂತೆಂದು ಮೈಮರೆತು, ಚಳಿ ತಡೆಯಲು ಕಲಿತದ್ದನ್ನೆಲ್ಲ ಮರೆತುಬಿಡುತ್ತದೆ. ಇದು ನಾವೆಲ್ಲ ಓದಿದ್ದ ವಿಷಯವೇ. ಆದರೂ ಪರೀಕ್ಷೆಯಲ್ಲಿ ಆ ಬಿಸಿಲಿನ ವಾರಕ್ಕೆ ಜಾಗ ಕೊಟ್ಟಿರಲಿಲ್ಲ.

ರಾಯ್‌ಗೆ ಮಾವನ ಕಥೆ ಹೇಳಿ, ಇನ್ನೊಂದು ಪರೀಕ್ಷೆಗೆ ಒಪ್ಪಿಸಿದೆ. ಈ ಸಲ ಫ್ರೀಜರಿಗೆ ಹಾಕುವ ಮೊದಲು ಎರಡೂ ತಳಿಗಳಿಗೆ ಒಂದು ವಾರ ಬೆಚ್ಚಗಿನ ಕೋಣೆ. ಉತ್ತರದ ತಳಿ ಮೈನಸ್ ಒಂಬತ್ತಕ್ಕೇ ಮಲಗಿತು. ರಾಯ್ ಅವರದು ಮೈನಸ್ ಹದಿನಾಲ್ಕರ ಟ್ರೇಯಲ್ಲೂ ಸಾಲುಸಾಲಾಗಿ ಚಿಗುರಿತ್ತು. ರಾಯ್ ಟ್ರೇಯ ಮುಂದೆ ಬಾಗಿ ಚಿಗುರುಗಳನ್ನು ಒಂದೊಂದಾಗಿ ಎಣಿಸಿದರು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. "ನಿಮ್ಮ ಮಾವನಿಗೆ ಥ್ಯಾಂಕ್ಸ್ ಹೇಳಿ," ಎಂದರು.

ಇದ್ದ ಒಂದೇ ಜಾಗ ರಾಯ್ ಅವರ ತಳಿಗೆ ಸಿಕ್ಕಿತು. ಲ್ಯಾಬಿನಲ್ಲಿ ಅದಕ್ಕೆ ಮಂಕಿ ಕ್ಯಾಪ್ ಎಂದೇ ಹೆಸರು ಬಿತ್ತು. ಎಷ್ಟು ಚಳಿ ತಡೆಯುತ್ತೀ ಎಂದು ಮಾತ್ರ ಕೇಳಿದರೆ ಸಾಲದು, ಬಿಸಿಲು ಬಿದ್ದಾಗ ಏನು ಮಾಡುತ್ತೀ ಎಂದೂ ಕೇಳಬೇಕು. ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೇ. ಮೇ ತಿಂಗಳ ಸುಡುಬಿಸಿಲಿನಲ್ಲಿ ನಡೆದ ನಿವೃತ್ತಿಯ ಬೀಳ್ಕೊಡುಗೆ ಊಟದಲ್ಲಿ, ಮಾವ ಕೊಟ್ಟ ಮಂಕಿ ಕ್ಯಾಪ್ ಹಾಕಿಕೊಂಡು ಬೆವರುತ್ತ ಕುಳಿತಿದ್ದ ರಾಯ್, ಯಾರು ಎಷ್ಟು ಹೇಳಿದರೂ ಅದನ್ನು ತೆಗೆಯಲಿಲ್ಲ.