ಹುತ್ತವೊಂದನ್ನು ಬಿಟ್ಟು

ಚಿಕ್ಕೇರೂರಿನ ಹೊಲದಲ್ಲಿ ಎರಡು ಎಕರೆಯನ್ನು ಅಪ್ಪ ನನ್ನ ಹೆಸರಿಗೆ ಬರೆದಿಟ್ಟಿದ್ದರು. ಹೆಣ್ಣುಮಕ್ಕಳು ಸಹಿ ಹಾಕಿ ಅಣ್ಣತಮ್ಮಂದಿರಿಗೇ ಬಿಟ್ಟುಕೊಡುವುದು ನಮ್ಮ ಕಡೆಯ ವಾಡಿಕೆ. ನಾನು ಬಿಡಲಿಲ್ಲ. ಅಣ್ಣ ಆ ಅವಮಾನವನ್ನು ಹೇಗೋ ನುಂಗಿಕೊಂಡ. ಆದರೆ ನಾನು ಹಾನಗಲ್ಲಿನ ಗಂಡನ ಮನೆಯಲ್ಲಿ ಕುಳಿತು ಆ ಹೊಲವನ್ನು ಬೀಳು ಬಿಟ್ಟದ್ದು ಅವನಿಗೆ ಸಹಿಸಲಾಗಲಿಲ್ಲ.

ಅಲ್ಲಿ ಬೆಳೆಯುತ್ತಿದ್ದದ್ದು ಗೋವಿನಜೋಳ. ನಾವು ತಿನ್ನುವುದಕ್ಕಲ್ಲ, ಲಾರಿ ತುಂಬಿ ಕೋಳಿ ಫಾರಂಗಳಿಗೆ ಕಳಿಸುವುದಕ್ಕೆ. ರಾಸಾಯನಿಕ ಗೊಬ್ಬರ, ಕಳೆಯೌಷಧಿ ಉಂಡು ಉಂಡು ಆ ಮಣ್ಣಿನಲ್ಲಿ ಒಂದು ಎರೆಹುಳವೂ ಉಳಿದಿರಲಿಲ್ಲ. ಯಾರದೋ ಕೋಳಿಗಾಗಿ ಈ ನೆಲ ದುಡಿದದ್ದು ಸಾಕು ಎಂದು ಬೀಳು ಬಿಟ್ಟೆ. ಮೊದಲ ಮಳೆಗಾಲದಲ್ಲಿ ಬರೀ ಕಸ ಎದ್ದಿತು. ಆಮೇಲೆ ಹುಲ್ಲು, ತಂಗಡಿ, ಬಾರಿಯ ಮುಳ್ಳುಗಿಡ ಬಂದವು. ಗೌಜಲಹಕ್ಕಿಗಳು ಮರಿ ಮಾಡಿದವು. ಮೂಲೆಯಲ್ಲೊಂದು ಹುತ್ತ ಎದ್ದು, ನಾಗರಹಾವೊಂದು ಬಂದು ಸೇರಿಕೊಂಡಿತು. ತವರಿಗೆ ಹೋದಾಗಲೆಲ್ಲ ನಾನು ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ.

"ತಂಗಿ ಹೊಲ ನೋಡೋ ಮಾರಾಯ, ಹ್ಯಾಂಗ ಹಾಳು ಬಿದ್ದೈತಿ" ಎಂದು ಜನ ಅಣ್ಣನ ಮುಖದ ಮೇಲೇ ಆಡಿಕೊಳ್ಳುತ್ತಿದ್ದರು. ಅವನಿಗೆ ತಲೆ ತಗ್ಗಿಸುವಂತಾಗುತ್ತಿತ್ತು. ಪಾಪ ಎನ್ನಲು ಈಗ ನನಗೆ ಬಾಯಿ ಬರುವುದಿಲ್ಲ.

ಹೋದ ವರ್ಷ ನಾಗರಪಂಚಮಿಗೆ ನನ್ನನ್ನು ಕರೆದೊಯ್ಯಲು ಬಂದವನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಳಗೊಳಗೇ ನಗುತ್ತಿದ್ದ. ಇಳಿದವನೇ ನೆಟ್ಟಗೆ ಹೊಲಕ್ಕೆ ಕರೆದುಕೊಂಡು ಹೋದ.

"ಈ ಸಲ ನಿನಗ ಸೀರಿ ತಂದಿಲ್ಲ ತಂಗಿ. ಹೊಲಾನ ಸ್ವಚ್ಛ ಮಾಡಿಸೇನಿ. ಹಿಂಗಾರಿಗೆ ಗೋವಿನಜೋಳ ಹಾಕೂದೊಂದ ಬಾಕಿ."

ಜೆಸಿಬಿ ಎಲ್ಲವನ್ನೂ ಬೇರುಸಹಿತ ಕಿತ್ತು ಬದುವಿಗೆ ಒಟ್ಟಿತ್ತು. ಬೋಳು ನೆಲದ ಮೂಲೆಯಲ್ಲಿ ಹುತ್ತವೊಂದೇ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು.

"ನಾಗಪ್ಪನ್ನ ಮಾತ್ರ ಮುಟ್ಟಿಲ್ಲ. ಡ್ರೈವರ್‌ಗೆ ಕೈ ಮುಗದು ಹೇಳಿದ್ದೆ. ನಾಳೆ ನೀನ ಮೊದಲ ಹಾಲು ಎರಿ."

ಪಂಚಮಿಯ ದಿನ ನೆಲ ಕೆದಕಬಾರದೆಂದು ಮುಂಚೆಯೇ ಕೆಲಸ ಮುಗಿಸಿದ್ದನಂತೆ. ಅಷ್ಟು ಭಕ್ತಿ!

"ಇಲಿ, ಕಪ್ಪಿ, ಹಕ್ಕಿ ತತ್ತಿ ಎಲ್ಲಾ ಬಳದು ಒಗದಿಯಲ್ಲಣ್ಣ. ಹಾವು ಏನ್ ತಿನ್ನಬೇಕು?"

"ಹಾಲು ಎರಿತೀವಲ್ಲವ್ವ."

ತಮಾಷೆಗೆ ಹೇಳಿದ್ದಲ್ಲ, ನಂಬಿಯೇ ಹೇಳಿದ. ನನ್ನ ಮೇಲಿನ ಸಿಟ್ಟಿಗೆ ಹಾಗೆ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುದಿನ ಅತ್ತಿಗೆ ಹಾಲಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. ಅದನ್ನು ಕಟ್ಟೆಯ ಮೇಲಿಟ್ಟು ನನ್ನ ಚೀಲ ಎತ್ತಿಕೊಂಡೆ. "ನನ್ನ ಹೊಲದಾಗ ಕಾಲಿಡಬ್ಯಾಡ. ಬರೂ ಪಂಚಮಿಗೆ ನನ್ನ ಕರಿಯಾಕೂ ಬರಬ್ಯಾಡ" ಎಂದೆ. ನಮ್ಮ ಕಡೆ ಯಾವ ತಂಗಿಯೂ ಅಣ್ಣನಿಗೆ ಆಡದ ಮಾತು ಅದು. ಅಣ್ಣ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಹಿಂದೆಯೇ ಬಂದ.

"ನಾ ಏನ್ ತಪ್ಪು ಮಾಡೇನಿ, ಅದನ್ನರ ಹೇಳಿ ಹೋಗು" ಎಂದು ಎಲ್ಲರೆದುರು ಅತ್ತುಬಿಟ್ಟ. ಹಿಂದಿನ ದಿನ ಹೊಲದಲ್ಲೇ ಹೇಳಿಯಾಗಿತ್ತು. ಹಾನಗಲ್ ಬಸ್ಸು ಬಂತು, ಹತ್ತಿದೆ.