ಯಲ್ಲವ್ವನ ಮುಯ್ಯಿ

ಯಲ್ಲವ್ವ ದಿನಾ ಬೆಳಿಗ್ಗೆ ನಾಲತವಾಡದಿಂದ ಮುದ್ದೇಬಿಹಾಳದ ಬಸ್ಸು ಹತ್ತುತ್ತಿದ್ದುದು ಒಂದು ಕೂಸಿಗಾಗಿ. ಸುರೇಖಾ ಮೇಡಮ್ಮನ ಹನ್ನೊಂದು ತಿಂಗಳ ಮಗಳು ಪಲ್ಲವಿ. ಅದಕ್ಕೆ ಎಣ್ಣೆ ಹಚ್ಚಿ ಎರೆಯಬೇಕು, ಉಣಿಸಬೇಕು, ಮಲಗಿಸಬೇಕು, ಮೇಡಮ್ಮ ಕಚೇರಿಯಿಂದ ಬರುವವರೆಗೆ ಕಾಯಬೇಕು. ಮಾತಾಗಿದ್ದು ಇಷ್ಟೇ. ಭಾನುವಾರ ರಜೆ ಎಂದೂ ಅವತ್ತೇ ಮಾತಾಗಿತ್ತು.

ಆದರೆ ಮೇಡಮ್ಮನ ನಾಲಿಗೆಯ ತುದಿಯಲ್ಲಿ ಸದಾ ಒಂದು ಮಾತಿರುತ್ತಿತ್ತು: ‘ಹಂಗ ಒಂದೀಟು’. ಯಲ್ಲವ್ವ, ಹಂಗ ಒಂದೀಟು ಅರಬಿ ಮಡಚಿಡು. ಹಂಗ ಒಂದೀಟು ಕಾಯಿಪಲ್ಲೆ ತಾ. ಹಂಗ ಒಂದೀಟು ಅತ್ತಿಯವರ ಕಾಲು ತಿಕ್ಕು. ಒಂದೀಟು ಒಂದೀಟು ಎನ್ನುತ್ತ ಇಡೀ ಮನೆಯನ್ನೇ ಆಕೆಯ ತಲೆಗೆ ಕಟ್ಟಿಯಾಗಿತ್ತು. ಮುಖ ಸಣ್ಣದು ಮಾಡಿದರೆ, ‘ನೀ ನಮ್ಮ ಮನಿಯಾಕಿನ ಅಲ್ಲೇನ?’ ಎಂಬ ಬೆಣ್ಣೆ ಮಾತು. ಮನೆಯವಳಂತೆ, ಮನೆಯವಳು! ಆಕೆ ಚಹಾ ಕುಡಿಯುವ ಕಪ್ಪು ಮಾತ್ರ ಹಿತ್ತಲ ಕಿಟಕಿಯಲ್ಲಿ ಬೇರೆಯೇ ಇರುತ್ತಿತ್ತು.

ಯಲ್ಲವ್ವ ಕೂಸಿನ ಮುಖ ನೋಡಿ ಎಲ್ಲವನ್ನೂ ನುಂಗಿಕೊಂಡಿದ್ದಳು. ಆಕೆ ಮಾಡಿದ ತಪ್ಪು ಅದೊಂದೇ.

ಫೆಬ್ರುವರಿಯ ಒಂದು ಶುಕ್ರವಾರ ಮೇಡಮ್ಮ ಚೀಲ ಹೆಗಲಿಗೇರಿಸುತ್ತ ಹೇಳಿದಳು. “ಆಯಿತ್ವಾರ ಪಲ್ಲವಿ ಜವಳ ಐತಿ, ಮೊದಲ ಕೂದಲಾ ತಗಸ್ತೀವಿ. ನೂರು ಮಂದಿ ಬರ್ತಾರ. ನೀ ನಸಕಿನ್ಯಾಗ ಬಂದು ಹಂಗ ಒಂದೀಟು ರೊಟ್ಟಿ ಬಡದು ಕೊಡು.”

“ಆಯಿತ್ವಾರ ಆಗಂಗಿಲ್ರಿ. ನಮ್ಮ ಓಣಿ ಅಬಿದಾನ ಹೊಲಕ್ಕ ಮುಯ್ಯಿಗೆ ಹೋಗಬೇಕು. ಕಡ್ಲಿ ಕೀಳೂದೈತಿ.”

ಮುಯ್ಯಿ ಎಂದರೆ ಕೈಗೆ ಕೈ. ಹೋದ ಭಾನುವಾರ ಅಬಿದಾ ತನ್ನ ಕೆಲಸ ಬಿಟ್ಟು ಬಂದು ಯಲ್ಲವ್ವನ ಹೊಲದ ಕಡಲೆ ಕಿತ್ತಿದ್ದಳು. ಈ ಭಾನುವಾರ ಯಲ್ಲವ್ವ ಅವಳ ಹೊಲದಲ್ಲಿರಬೇಕು. ಗಂಡ ತೀರಿಹೋದ ಮೇಲೆ ಎರಡು ಎಕರೆ ಎರೆ ಹೊಲವನ್ನು ಒಂಟಿ ಹೆಂಗಸು ಉಳಿಸಿಕೊಂಡದ್ದು ಈ ಮುಯ್ಯಿಯಿಂದಲೇ. ಒಮ್ಮೆ ತಪ್ಪಿದಳೋ, ಓಣಿಯ ಯಾವ ಹೆಂಗಸೂ ಮತ್ತೆ ಆಕೆಯ ಬದುವಿನ ಮೇಲೆ ಕಾಲಿಡುವುದಿಲ್ಲ. ಹೊಲ ಬೀಳು ಬೀಳುತ್ತದೆ.

“ಅಷ್ಟ ಅಲ್ಲೇನ? ಒಂದ ದಿನದ ಕೂಲಿ ನಾ ಕೊಡ್ತೇನಿ ಬಿಡು,” ಎಂದಳು ಮೇಡಮ್ಮ.

“ಮುಯ್ಯಿಗೆ ಕೂಲಿ ಇರಂಗಿಲ್ರಿ.”

ಮೇಡಮ್ಮ ಇದನ್ನು ಕಿವಿಗೆ ಹಾಕಿಕೊಂಡಿದ್ದರೆ ತಾನೆ! ಅವಳ ಗಂಡ ಅನಿಲಕುಮಾರ ನಾಲತವಾಡದಲ್ಲೇ ಮಾಸ್ತರ. ಶನಿವಾರ ಸಾಲಿ ಬಿಟ್ಟ ಮೇಲೆ ಹುಡುಕಿಕೊಂಡು ಅಬಿದಾಳ ಮನೆಗೆ ಹೋದ, ಐನೂರರ ನೋಟೊಂದನ್ನು ಕಟ್ಟೆಯ ಮೇಲಿಟ್ಟ. “ಯಲ್ಲವ್ವ ನಾಳೆ ಬರಂಗಿಲ್ಲ, ಬ್ಯಾರೆ ಆಳು ಹಚಗೋರಿ,” ಎಂದವನೇ ಗಾಡಿ ಹತ್ತಿ ಹೊರಟುಹೋದ.

ಅವತ್ತು ಸಂಜೆ ಯಲ್ಲವ್ವ ಬಸ್ಸಿಳಿದು ಓಣಿಗೆ ಬಂದಾಗ ಅಬಿದಾ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಾ ಎನ್ನಲಿಲ್ಲ.

“ನಾ ನಿನ್ನ ಹೊಲಕ್ಕ ಕೂಲಿಗೆ ಬಂದಿದ್ನೇನ, ಯಲ್ಲವ್ವ? ನನ್ನ ಬೆನ್ನಿಗೆ ರೇಟು ಕಟ್ಟಿ ಕಳಿಸೀಯಲ್ಲ,” ಎಂದು ನೋಟನ್ನು ಆಕೆಯ ಅಂಗೈಗೆ ತುರುಕಿದಳು.

ಯಲ್ಲವ್ವನಿಗೆ ನಾಚಿಕೆ ಮೊದಲು ಬಂತು, ಸಿಟ್ಟು ಆಮೇಲೆ. ಸಿಟ್ಟು ಬಂದ ಮೇಲೆ ಹೋಗಲಿಲ್ಲ. ತಾನು ಇಳಿದ ಬಸ್ಸೇ ತಿರುಗಿ ಮುದ್ದೇಬಿಹಾಳಕ್ಕೆ ಹೊರಟು ನಿಂತಿತ್ತು. ಹತ್ತಿಯೇಬಿಟ್ಟಳು.

ಮೇಡಮ್ಮನ ಮನೆಯ ತುಂಬ ಬೀಗರು. ಅವರೆಲ್ಲರ ಕಣ್ಣೆದುರು ಯಲ್ಲವ್ವ ನೋಟನ್ನು ಮೇಡಮ್ಮನ ಕೈಯಲ್ಲಿಟ್ಟಳು.

“ಕೂಸು ನೋಡ್ಕೊಳ್ಳಾಕ ನಿಮ್ಮ ಮನಿಗೆ ಬರ್ತೇನ್ರಿ. ನನ್ನ ಮಾತು ಮಾರಾಕ ಬರಂಗಿಲ್ಲ. ನಾಳೆ ನಾ ಅಬಿದಾನ ಹೊಲದಾಗ ಇರ್ತೇನಿ.”

ಮೇಡಮ್ಮನ ಮುಖ ಕೆಂಪಗಾಯಿತು. “ಹಂಗಾರ ಸೋಮವಾರನೂ ಬರಬ್ಯಾಡ.”

“ಸೋಮವಾರ ಎಂಟಕ್ಕ ಬಾಗಿಲ ಮುಂದ ಇರ್ತೇನಿ. ತಗಿಯೂದು ಬಿಡೂದು ನಿಮಗ ಬಿಟ್ಟದ್ದು.”

ಒಳಗಿನಿಂದ ಪಲ್ಲವಿ ಆಕೆಯ ದನಿ ಗುರುತಿಸಿ ಅಳತೊಡಗಿತು. ಯಲ್ಲವ್ವ ತಿರುಗಿ ನೋಡಲಿಲ್ಲ. ನೋಡಿದ್ದರೆ ರೊಟ್ಟಿ ಬಡಿಯಲು ಕೂತುಬಿಡುತ್ತಿದ್ದಳು, ಅದು ಆಕೆಗೂ ಗೊತ್ತಿತ್ತು.

ಭಾನುವಾರ ಇಬ್ಬನಿ ಆರುವ ಮೊದಲೇ ಆಕೆ ಅಬಿದಾಳ ಹೊಲದಲ್ಲಿದ್ದಳು. ಬಿಸಿಲೇರಿದರೆ ಕಡಲೆ ಗಿಡದ ಒಣಗಿದ ಕಾಯಿ ಉದುರಿಹೋಗುತ್ತದೆ. ಗಿಡದ ಹುಳಿ ಅಂಗೈಗೆ ಹತ್ತಿ ಉರಿಯುತ್ತಿತ್ತು. ಅಬಿದಾ ಪಕ್ಕದ ಸಾಲಿನಲ್ಲೇ ಇದ್ದರೂ ಬೆನ್ನು ತಿರುಗಿಸಿಕೊಂಡೇ ಕೀಳುತ್ತಿದ್ದಳು. ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತಾಗ ಮಾತ್ರ ತನ್ನ ಬುತ್ತಿ ಬಿಚ್ಚಿ, ಅದೇ ಅರಿವೆಯ ಮೇಲೆ ಆಕೆಗೂ ರೊಟ್ಟಿ ಇಟ್ಟಳು.

“ಉಣ್ಣು. ನಿನ್ನ ಜ್ವಾಳ ಯಾವಾಗ ಕೊಯ್ಯಾಕಿ?”

ಯಲ್ಲವ್ವ ರೊಟ್ಟಿ ಮುರಿದಳು. ಮಾತು ಉಳಿದಿತ್ತು.

ಸೋಮವಾರ ಎಂಟಕ್ಕೆ ಬಾಗಿಲು ತೆರೆಯಿತು. ಕೂದಲು ತೆಗೆಸಿಕೊಂಡ ಪಲ್ಲವಿ ತಾಯಿಯ ಸೊಂಟದಿಂದ ಯಲ್ಲವ್ವನ ಮೇಲೆ ಹಾರಿತು. ಮೇಡಮ್ಮನ ಬಲಗೈಯ ಮೂರು ಬೆರಳಿಗೆ ಬಟ್ಟೆ ಸುತ್ತಿತ್ತು. ಬೇರೆ ಯಾರೂ ಸಿಗದೆ ತಾನೇ ರೊಟ್ಟಿಯ ಹೆಂಚಿನ ಮುಂದೆ ಕೂತು ಸುಟ್ಟುಕೊಂಡಿದ್ದಳಂತೆ. ಯಲ್ಲವ್ವನಿಗೆ ಪಾಪ ಅನ್ನಿಸಿತು, ಇಲ್ಲವೆನ್ನಬಾರದು.

ಕಚೇರಿಗೆ ಹೊರಟ ಮೇಡಮ್ಮ ಮಂಚದ ಮೇಲಿನ ಬಟ್ಟೆಯ ರಾಶಿ ನೋಡಿದಳು. “ಯಲ್ಲವ್ವ, ಹಂಗ ಒಂದೀ...”

ಯಲ್ಲವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು, ಹುಳಿಗೆ ಸುಟ್ಟು ಕಪ್ಪಾದ ಅಂಗೈಯನ್ನು ಮುಂದೆ ಚಾಚಿದಳು.

“ಮನಿಯಾಕಿ ಅಂತೀರಲ್ರಿ. ಹಂಗಾರ ಮುಯ್ಯಿ ಮಾಡೂಣು. ಬರೂ ಆಯಿತ್ವಾರ ನಂದು ಜ್ವಾಳ ಕೊಯ್ಯೂದೈತಿ, ನಸಕಿನ್ಯಾಗ ಬರ್ರಿ. ಆಮ್ಯಾಲ ನಿಮ್ಮ ಅರಬಿ ಮಡಚ್ತೇನಿ.”

ಮೇಡಮ್ಮ ತನ್ನ ಬೆರಳು ನೋಡಿಕೊಂಡಳು. ಚೀಲ ಕೆಳಗಿಟ್ಟು, ಮಂಚದ ತುದಿಗೆ ಕೂತು, ಎಡಗೈಯಿಂದ ಬಟ್ಟೆ ಮಡಚತೊಡಗಿದಳು.